ನೀರಿಗೊಂದು ನಿರ್ಣಯ

ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಯೋಜನೆ ಮತ್ತು ಉಸ್ತುವಾರಿ ಸಮಿತಿ ಇತ್ತು. ಗೋಡಂಬಿ ತಿನ್ನುವುದರಲ್ಲಿ ಅದನ್ನು ಮೀರಿಸುವವರು ಇರಲಿಲ್ಲ. ಹುಡುಗಿಯರ ಹಾಸ್ಟೆಲಿಗೆ ನೀರಿಲ್ಲ ಎಂಬ ದೂರು ಮಾತ್ರ ಸಭೆಯಿಂದ ಸಭೆಗೆ ಮುಂದೆ ಹೋಗುತ್ತಲೇ ಇತ್ತು. ಹುಡುಗಿಯರು ಬಕೆಟ್ ಹೊರುವುದನ್ನು ನೋಡಲಾರದೆ ನೀರುಗಂಟಿ ಕೆಂಚಪ್ಪ ತಾನೇ ವಾಲ್ವ್ ತಿರುಗಿಸಿ ನೀರು ಬಿಟ್ಟ.

ಸಮಿತಿಯ ಅಧ್ಯಕ್ಷ ಡಾಕ್ಟರ್ ಚಂದ್ರಮೌಳಿ ಕೆಂಡವಾದರು. "ಯಾರನ್ನ ಕೇಳಿ ಬಿಟ್ಟೆ? ಸಮಿತಿ ನಿರ್ಣಯ ಮಾಡದೆ ಇಲ್ಲಿ ಒಂದು ವಾಲ್ವೂ ತಿರುಗಬಾರದು."

"ಆಗಲಿ ಸಾರ್" ಎಂದ ಕೆಂಚಪ್ಪ ಎಲ್ಲ ವಾಲ್ವನ್ನೂ ಮುಚ್ಚಿದ.

ಮರುದಿನ ಬೆಳಿಗ್ಗೆ ಸಭೆ ಸೇರಿತು. ತಿಂಡಿ ಭರ್ಜರಿಯಾಗಿತ್ತು. ಸ್ವಲ್ಪ ಹೊತ್ತಿಗೆ ಅಧ್ಯಕ್ಷರು ಎದ್ದು ಪಕ್ಕದ ಕಕ್ಕಸಿಗೆ ಓಡಿದರು. ಆಮೇಲೆ ಒಳಗಿಂದ ಕೂಗು ಕೇಳಿತು.

"ಕೆಂಚಪ್ಪ, ನಲ್ಲಿಯಲ್ಲಿ ನೀರಿಲ್ಲ. ಬೇಗ ಬಿಡಯ್ಯ."

"ನಿರ್ಣಯ ಆಗಿಲ್ಲವಲ್ಲ ಸಾರ್" ಎಂದ ಕೆಂಚಪ್ಪ, ಬಾಗಿಲ ಹೊರಗೆ ಕೈಕಟ್ಟಿ ನಿಂತು.

"ಅಧ್ಯಕ್ಷ ನಾನೇ ಹೇಳ್ತಿದ್ದೀನಲ್ಲ."

"ನೀವೊಬ್ಬರೇ ಒಳಗಿದ್ದೀರಿ ಸಾರ್. ಸಮಿತಿ ಹೊರಗಿದೆ."

ಸದಸ್ಯರೆಲ್ಲ ಬಾಗಿಲ ಮುಂದೆ ಸೇರಿದರು. ಈ ವಿಷಯ ಇವತ್ತಿನ ಕಾರ್ಯಸೂಚಿಯಲ್ಲಿಲ್ಲ ಎಂದರು ಒಬ್ಬರು. ಉಪಸಮಿತಿ ಮಾಡೋಣ ಎಂದರು ಇನ್ನೊಬ್ಬರು. ಒಳಗಿಂದ ನರಳುವ ಸದ್ದು ಬಂತು.

ಕೆಂಚಪ್ಪ ಮೆಲ್ಲಗೆ ಹೇಳಿದ, "ಹಾಸ್ಟೆಲಿಗೂ ಸೇರಿಸಿ ಅಪ್ಪಣೆ ಕೊಟ್ಟರೆ ಎರಡು ವಾಲ್ವನ್ನೂ ಈಗಲೇ ತಿರುಗಿಸ್ತೀನಿ ಸಾರ್."

"ಒಪ್ಪಿಗೆ ಕಣಯ್ಯ. ದಿನಾ ಬಿಡು. ಎಲ್ಲರೂ ಕೈ ಎತ್ತಿ" ಎಂದು ಅಧ್ಯಕ್ಷರು ಒಳಗಿಂದಲೇ ಗೋಗರೆದರು.

ಹೊರಗೆ ಎಲ್ಲ ಕೈಗಳೂ ಎದ್ದವು. ಆ ಸಮಿತಿ ಹುಟ್ಟಿದ ಮೇಲೆ ಜಾರಿಗೆ ಬಂದ ಮೊದಲ ಯೋಜನೆ ಅದು. ಅಧ್ಯಕ್ಷರು ಅದನ್ನು ಮಂಜೂರು ಮಾಡಿದ್ದು ಕಕ್ಕಸಿನಲ್ಲಿ ಕೂತು.