ಹಗ್ಗದವರು, ಬಾನಿಯವರು

"ಗುರುಗಳೇ, ಬೆಳಗಾದರೆ ಜಗಳವಾಡುವ ಇಬ್ಬರನ್ನು ಒಬ್ಬರ ಮುಖ ಒಬ್ಬರು ನೋಡದ ಹಾಗೆ ಬೇರೆ ಮಾಡಿಬಿಟ್ಟರೆ ಅದು ಒಳ್ಳೆಯ ಕೆಲಸ ತಾನೇ?" ಎಂದು ಚನ್ನವೀರ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕೂತು ಮೊರದ ಅಕ್ಕಿಯಿಂದ ಕಲ್ಲು ಆರಿಸುತ್ತಿದ್ದರು. ತಲೆ ಎತ್ತದೆಯೇ, "ಯಾರು ಆ ಇಬ್ಬರು?" ಎಂದರು.

"ನನ್ನ ಅಣ್ಣಂದಿರು. ಒಂದೇ ಮನೆ, ಒಂದೇ ಬಾಗಿಲು. ಒರಳು ದೊಡ್ಡವನ ಪಡಸಾಲೆಯಲ್ಲಿದೆ, ಬಚ್ಚಲು ಚಿಕ್ಕವನ ಕಡೆಗಿದೆ. ರುಬ್ಬಲು ಹೋದರೆ ಜಗಳ, ಮೀಯಲು ಹೋದರೆ ಜಗಳ. ನಡುವೆ ಗೋಡೆ ಎಬ್ಬಿಸಿ ಎಲ್ಲವನ್ನೂ ಎರಡೆರಡು ಮಾಡಿಕೊಡು ಎಂದು ನನ್ನನ್ನು ಕರೆದಿದ್ದಾರೆ. ಗಾರೆ ಕೆಲಸದವನಿಗೆ ಹೇಳಿ ಆಗಿದೆ. ತಮ್ಮ ಅಪ್ಪಣೆ ಒಂದು ಬೇಕು."

"ಗಾರೆಯವನಿಗೆ ಹೇಳಿ ಆದ ಮೇಲೆ ಅಪ್ಪಣೆ ಕೇಳಲು ಬಂದಿದ್ದೀಯ. ಜಾಣ. ಕೂತುಕೋ. ನಡುವೆ ಬಾಯಿ ಹಾಕಬೇಡ," ಎಂದು ಗುರುಗಳು ಮೊರವನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಇದು ಅರಬರ ಸೀಮೆಯ ಮಾತು. ಏಡನ್ ಬಂದರು ಬ್ರಿಟಿಷರ ಕೈಯಲ್ಲಿದ್ದ ಕಾಲ. ನನಗೆ ಹೇಳಿದವನು ಕಾರವಾರದ ಒಬ್ಬ ಹಡಗಿನ ಬಡಗಿ, ಆ ಬಂದರಿನಲ್ಲಿ ಬಹಳ ಕಾಲ ಇದ್ದು ಬಂದವನು. ಅವನು ಕಂಡದ್ದೆಷ್ಟು, ಕಟ್ಟಿದ್ದೆಷ್ಟು, ನನಗೆ ಗೊತ್ತಿಲ್ಲ. ನನಗೆ ಬೇಕಾದದ್ದು ಅದರಲ್ಲಿತ್ತು, ಇಟ್ಟುಕೊಂಡೆ.

ಬಂದರಿನಿಂದ ಬಡಗಣಕ್ಕೆ ಹೋದರೆ ಬರೀ ಕಲ್ಲು ಬೆಟ್ಟ. ಅಲ್ಲಿ ಒಂದು ಕಣಿವೆ. ಕಣಿವೆಗೆಲ್ಲ ಒಂದೇ ಬಾವಿ. ಬಾವಿಗೆ ಎರಡು ಕುಲ. ಒಂದು ಮಿಸ್ಫರಿಗಳದು, ಇನ್ನೊಂದು ಹಂಜಲಿಗಳದು. ಎರಡೂ ಒಂಟೆ ಕಾಯುವ ಕುಲಗಳೇ, ಎರಡಕ್ಕೂ ಇನ್ನೊಂದನ್ನು ಕಂಡರೆ ಆಗದು. ಯಾವ ಕಾಲದ ಹಗೆಯೋ, ಅವರಿಗೇ ಮರೆತುಹೋಗಿತ್ತು. ಹಗೆ ಮಾತ್ರ ಮರೆತಿರಲಿಲ್ಲ.

ಆದರೆ ಅವರ ಹಿರಿಯರು ದಡ್ಡರಲ್ಲ. ಯಾವುದೋ ಕಾಲದಲ್ಲಿ ಹೆಣಗಳು ಬಿದ್ದು ಸಾಕಾಗಿ, ಕೂತು ಒಂದು ಕಟ್ಟು ಮಾಡಿದ್ದರು. ಬಾವಿಯ ಹಗ್ಗ ಮಿಸ್ಫರಿಗಳದು. ಹೊಸೆಯುವವರೂ ಅವರೇ, ಡೇರೆಯಲ್ಲಿ ಇಟ್ಟುಕೊಳ್ಳುವವರೂ ಅವರೇ. ಬಾನಿ ಹಂಜಲಿಗಳದು. ನೀರು ಸೇದುವ ತೊಗಲಿನ ಬಾನಿ, ನಮ್ಮಲ್ಲಿ ಕಪಿಲೆಗೆ ಕಟ್ಟುತ್ತಿದ್ದರಲ್ಲ, ಅಂಥದೇ. ಹಂಜಲಿಗಳು ಹಗ್ಗ ಹೊಸೆಯಬಾರದು, ಮಿಸ್ಫರಿಗಳು ಬಾನಿ ಹೊಲಿಯಬಾರದು. ಹಗ್ಗ ಇದ್ದು ಬಾನಿ ಇಲ್ಲದಿದ್ದರೆ ನೀರು ಕಣ್ಣಿಗೆ ಕಾಣುತ್ತದೆ, ಬಾಯಿಗೆ ಬರುವುದಿಲ್ಲ. ಹಾಗಾಗಿ ದಿನಾ ಇಬ್ಬರೂ ಬಾವಿಗೆ ಬರಲೇಬೇಕು.

ಬಂದವರು ಸುಮ್ಮನೆ ಇರುತ್ತಿದ್ದರೇ? ಶಿವಶಿವಾ, ಆ ಬೈಗುಳವನ್ನು ನಾನು ಇಲ್ಲಿ ಹೇಳಿದರೆ ಈ ಜಗಲಿಯನ್ನು ತೊಳೆಯಬೇಕಾದೀತು. ನಿನ್ನ ಒಂಟೆ ಕುಂಟು, ನಿನ್ನ ಗಡ್ಡ ಮೇಕೆಯದು, ನಿನ್ನ ಅಜ್ಜ ಊಟಕ್ಕೆ ಕರೆಯದೆ ಬಂದವನು. ಮಿಸ್ಫರಿಗಳ ಮುಖ್ಯಸ್ಥ ಮುಕ್ಬಿಲ್ ಎಂಬ ಮುದುಕ. ಹಂಜಲಿಗಳ ಬಾನಿ ಇರುತ್ತಿದ್ದದ್ದು ಘಾಲಿಯ ಎಂಬ ವಿಧವೆಯ ಕೈಯಲ್ಲಿ. ಸತ್ತ ಮುಖ್ಯಸ್ಥನ ಹೆಂಡತಿ. ಅವಳು ಬಾಯಿ ತೆರೆದಳೆಂದರೆ ಮುಕ್ಬಿಲ್ ಹಗ್ಗವನ್ನು ಬಿಟ್ಟು ಕಿವಿ ಮುಚ್ಚಿಕೊಳ್ಳುತ್ತಿದ್ದ. ಅವಳಿಗೆ ಅವದ್ ಎಂಬ ಮಗ. ಅವನೂ ತಾಯಿಯ ಹಾಗೆಯೇ, ಎದುರಿನವರ ಒಂಟೆಗಳನ್ನು ಒಂದೊಂದಾಗಿ ಅಣಕಿಸಿ ಎರಡೂ ಕಡೆಯವರನ್ನು ನಗಿಸುತ್ತಿದ್ದ. ಇಷ್ಟೆಲ್ಲ ಆಗಿ, ಕೊನೆಗೆ ಹಗ್ಗಕ್ಕೆ ಬಾನಿ ಕಟ್ಟಿ, ನೀರು ಸೇದಿ, ಕುಡಿದು, ಬೈಯುತ್ತಲೇ ಹೋಗುತ್ತಿದ್ದರು. ಕೈ ಮಾತ್ರ ಒಬ್ಬರ ಮೇಲೆ ಒಬ್ಬರದು ಬೀಳುತ್ತಿರಲಿಲ್ಲ.

ಆ ಸೀಮೆಗೆ ಒಬ್ಬ ಇಂಗ್ಲಿಷ್ ಅಧಿಕಾರಿ ಬಂದ. ಒಳ್ಳೆಯವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನಾಗಿದ್ದರೆ ಈ ಕತೆ ಹೇಳುವ ಕೆಲಸವೇ ಇರಲಿಲ್ಲ. ಕಣಿವೆಯ ಬಾಯಲ್ಲಿ ಸಣ್ಣ ಕೋಟೆ ಕಟ್ಟಿಸಿದ. ಒಂದು ದಿನ ಬಾವಿಯ ಕಡೆಗೆ ಬಂದು ಆ ಗದ್ದಲ ಕೇಳಿ ಅವನಿಗೆ ಜೀವವೇ ಹಾರಿದಂತಾಯಿತು. ಇವರು ಇಂದಲ್ಲ ನಾಳೆ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ ಎಂದುಕೊಂಡ. ಮುಕ್ಬಿಲನನ್ನೂ ಹಂಜಲಿಗಳ ಹಿರಿಯರನ್ನೂ ಕೋಟೆಗೆ ಕರೆಸಿದ. ಮಿಸ್ಫರಿಗಳಿಗೆ ಒಂದು ಬಾನಿ ಕೊಟ್ಟ. ಹಂಜಲಿಗಳಿಗೆ ಹಡಗಿನಲ್ಲಿ ಬಂದ ಗಟ್ಟಿ ಹಗ್ಗ ಕೊಟ್ಟ. ಬೆಳಗಿನ ಹೊತ್ತು ಇವರದು, ಸಂಜೆಯ ಹೊತ್ತು ಅವರದು ಎಂದ. ತಮ್ಮ ಹೊತ್ತನ್ನು ಕಾಯ್ದುಕೊಳ್ಳಲಿ ಎಂದು ಎರಡು ಕಡೆಗೂ ಕೋವಿ ಕೊಟ್ಟ. ಮುಖ್ಯಸ್ಥರಿಗೆ ಕೆಂಪು ನಿಲುವಂಗಿ ಹೊದಿಸಿದ.

ಎರಡೂ ಕುಲದವರು ಕುಣಿಯುತ್ತಾ ಮನೆಗೆ ಹೋದರು. ಇನ್ನು ಅವರ ಹಂಗಿಲ್ಲ ಎಂದು ಇವರು, ಇವರ ಹಂಗಿಲ್ಲ ಎಂದು ಅವರು. ಗೆದ್ದದ್ದು ನಾವೇ ಎಂದು ಇಬ್ಬರೂ ಕುರಿ ಕಡಿದು ಊಟ ಹಾಕಿಸಿದರು. ಹಂಗು ಎಲ್ಲಿಗೂ ಹೋಗಿರಲಿಲ್ಲ ನೋಡು, ಮನೆ ಬದಲಾಯಿಸಿತ್ತು ಅಷ್ಟೇ. ಬಾನಿ ಹರಿದರೆ ಮಿಸ್ಫರಿಗಳು ಕೋಟೆಗೆ ಹೋಗಬೇಕು. ಹಗ್ಗ ಸವೆದರೆ ಹಂಜಲಿಗಳು ಕೋಟೆಗೆ ಹೋಗಬೇಕು. ಮೊದಲು ಯಾರ ಒಂಟೆ ದೊಡ್ಡದು ಎಂದು ಜಗಳವಾಡುತ್ತಿದ್ದವರು ಈಗ ಸಾಹೇಬರ ಕುರ್ಚಿಯ ಪಕ್ಕ ಯಾರು ಕೂರಬೇಕು ಎಂದು ಒಳಗೊಳಗೇ ಕುದಿಯತೊಡಗಿದರು.

ಬಾವಿಯ ಹತ್ತಿರ ಮಾತ್ರ ಸದ್ದಿಲ್ಲ. ಬೆಳಿಗ್ಗೆ ಒಬ್ಬರು ಬಂದು ಹೋಗುತ್ತಾರೆ, ಸಂಜೆ ಇನ್ನೊಬ್ಬರು. ಕಣಿವೆಯಲ್ಲಿ ಶಾಂತಿ ನೆಲೆಸಿತು ಎಂದು ಅಧಿಕಾರಿ ತನ್ನ ಮೇಲಿನವರಿಗೆ ಹೇಳಿ ಕಳಿಸಿದ. ಹಾಗೆಯೇ ಕೆಲವು ವರ್ಷ ಕಳೆದವು. ಮಕ್ಕಳಾಗಿದ್ದವರು ಮೀಸೆ ಬಂದವರಾದರು. ಅವರು ಎದುರಿನ ಕುಲದವರನ್ನು ದೂರದಿಂದ ಕಂಡಿದ್ದರು, ಹತ್ತಿರದಿಂದ ಬೈದಿರಲಿಲ್ಲ.

ಒಂದು ಸಂಜೆ ಅವದನ ಒಂಟೆ ತಪ್ಪಿಸಿಕೊಂಡು ಮಿಸ್ಫರಿಗಳ ಹಿಂಡಿನೊಳಗೆ ಸೇರಿಕೊಂಡಿತು. ಅದನ್ನು ಹುಡುಕಿಕೊಂಡು ಅವದ್ ಬಂದ. ಹಿಂಡು ಕಾಯುತ್ತಿದ್ದವನು ಮುಕ್ಬಿಲನ ತಮ್ಮನ ಮಗ, ಫುರೈಜ್ ಎಂಬ ತರುಣ. ಕೈಯಲ್ಲಿ ಕೋವಿ. ಮಬ್ಬಿನಲ್ಲಿ ಯಾರೋ ಬರುವುದು ಕಂಡು, ಯಾರು ಎಂದು ಕೂಗಿದ. ಆ ಕಡೆಯವನು ಉತ್ತರ ಕೊಟ್ಟ. ಫುರೈಜನಿಗೆ ಆ ದನಿಯ ಗುರುತು ಹತ್ತಲಿಲ್ಲ. ಕಳ್ಳನೆಂದು ಗುಂಡು ಹಾರಿಸಿದ. ಅವದ್ ಅಲ್ಲೇ ಬಿದ್ದು ಸತ್ತ.

ಆ ಜನರಲ್ಲಿ ರಕ್ತಕ್ಕೆ ರಕ್ತ ಕೇಳುವುದು ಪದ್ಧತಿ. ಹಂಜಲಿಗಳ ಗಂಡಸರು ಕೋವಿಗೆ ಮದ್ದು ತುಂಬಿದರು. ಸತ್ತವನ ತಾಯಿ ಹೂಂ ಎಂದರೆ ಹೊರಡುವುದೇ ಸರಿ. ಆದರೆ ಘಾಲಿಯ ಏನೂ ಹೇಳಲಿಲ್ಲ. ಲೋಕವನ್ನೆಲ್ಲ ಬೈದವಳು ಮಗನನ್ನು ಮಣ್ಣು ಮಾಡಿದ ಮೇಲೆ ತುಟಿ ಎರಡು ಮಾಡಲಿಲ್ಲ. ಅವಳ ಮೌನ ಕಂಡು ಅವಳ ಕುಲದವರೇ ಹೆದರಿದರು.

ಅಧಿಕಾರಿ ಮುಕ್ಬಿಲನನ್ನು ಕರೆಸಿದ. ಪಾಪ, ಅವನಿಗೂ ನಿದ್ದೆ ಇರಲಿಲ್ಲ. "ನಿಮ್ಮ ಡೇರೆಗಳನ್ನು ಕಿತ್ತುಕೊಂಡು ಬೆಟ್ಟದ ಆಚೆಗೆ ಹೋಗಿ. ನಿಮ್ಮಿಬ್ಬರ ನಡುವೆ ನಾನು ಸಿಪಾಯಿಗಳನ್ನು ನಿಲ್ಲಿಸುತ್ತೇನೆ," ಎಂದ.

"ಇನ್ನೂ ದೂರವೇ, ಸಾಹೇಬರೇ?" ಎಂದ ಮುಕ್ಬಿಲ್.

ಅಷ್ಟು ಹೇಳಿ ಕೆಂಪು ನಿಲುವಂಗಿ ಬಿಚ್ಚಿ ಮಡಿಸಿ ಕುರ್ಚಿಯ ಮೇಲಿಟ್ಟು ಬಂದ. ಮರುದಿನ ತಮ್ಮ ಬೆಳಗಿನ ಹೊತ್ತಿಗೆ ಇಡೀ ಕುಲವನ್ನು ಕರೆದುಕೊಂಡು ಬಾವಿಗೆ ಹೋದ. ಹೆಂಗಸರು, ಮಕ್ಕಳು, ಒಂಟೆಗಳು, ಎಲ್ಲ. ಯಾರ ಕೈಯಲ್ಲೂ ಕೋವಿ ಇಲ್ಲ. ಎಲ್ಲರ ಎದುರಿಗೆ ಸರ್ಕಾರದ ಬಾನಿಯನ್ನು ಚೂರಿಯಿಂದ ಸೀಳಿ ಎಸೆದ. ಹಳೆಯ ಹಗ್ಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾವಿಯ ಕಟ್ಟೆಗೆ ಒರಗಿ ಕೂತ. ಫುರೈಜನನ್ನು ಪಕ್ಕದಲ್ಲೇ ಕೂರಿಸಿಕೊಂಡ. ಮುದುಕನಿಗೆ ತಲೆ ಕೆಟ್ಟಿತು ಎಂದು ಅವನ ಕಡೆಯವರೇ ಅಂದರು. ಫುರೈಜನ ತಾಯಿ ಮುಕ್ಬಿಲನ ಕಾಲು ಹಿಡಿದು ಅತ್ತಳು. ಅವನು ಅಲುಗಲಿಲ್ಲ.

ಹಂಜಲಿಗಳಿಗೆ ಸುದ್ದಿ ಹೋಯಿತು. ಕೊಂದವನು ಬರಿಗೈಯಲ್ಲಿ ಬಾವಿಯ ಬಳಿ ಕೂತಿದ್ದಾನೆ, ಅವನ ಕುಲಕ್ಕೆ ಕುಡಿಯಲು ಹನಿ ನೀರಿಲ್ಲ. ಕೊಲ್ಲುವುದಕ್ಕೆ ಇದಕ್ಕಿಂತ ಸಲೀಸಾದ ದಿನ ಬೇಕೇ? ಕೊಲ್ಲುವುದೂ ಬೇಡ, ಸುಮ್ಮನೆ ಹೋಗದೆ ಇದ್ದರೂ ಸಾಕು. ಬಿಸಿಲೇರಿತು. ಬಾವಿಯ ಬಳಿ ಮಿಸ್ಫರಿಗಳ ಮಕ್ಕಳು ಮೊದಲು ಅತ್ತವು, ಆಮೇಲೆ ಅಳುವುದನ್ನೂ ಬಿಟ್ಟವು. ಮುಕ್ಬಿಲನ ಎದೆ ಒಡೆಯುತ್ತಿತ್ತು. ಆದರೂ ಏಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಘಾಲಿಯ ಬಂದಳು. ತಲೆಯ ಮೇಲೆ ಹಳೆಯ ಬಾನಿ. ಹಿಂದೆ ಕೋವಿ ಹಿಡಿದ ಗಂಡಸರು. ಅವಳು ನೇರ ಹೋಗಿ ಫುರೈಜನ ಎದುರಿಗೆ ನಿಂತಳು.

"ನೀನು ಕೂಗಿದಾಗ ನನ್ನ ಮಗ ಏನೆಂದ?"

"‘ನಾನು ಅವದ್’ ಅಂದ. ಯಾವ ಅವದ್ ಅಂತ ನನಗೆ ಗೊತ್ತಾಗಲಿಲ್ಲ, ತಾಯೀ."

ಗಂಡಸರು ಅವಳ ಮಾತಿಗೆ ಕಾದು ನಿಂತಿದ್ದರು. ಅವಳ ಕಣ್ಣು ಮೆಲ್ಲಗೆ ಮುಕ್ಬಿಲನ ತೊಡೆಯ ಮೇಲಿದ್ದ ಹಗ್ಗದ ಕಡೆಗೆ ಹೋಯಿತು. ಬಗ್ಗಿ ಅದರ ತುದಿಯನ್ನು ಎತ್ತಿ ನೋಡಿದಳು. "ಇದು ಹಗ್ಗವೇನೋ ಮುದುಕಾ? ಇಲಿ ತಿಂದು ಬಿಟ್ಟ ಬಾಲ. ಇಷ್ಟು ವರ್ಷ ನಾನು ಕೇಳದೆ ಹೋದದ್ದಕ್ಕೆ ನಿನ್ನವರಿಗೆ ಹೊಸೆಯುವುದೂ ಮರೆತುಹೋಯಿತೇ?" ಎಂದಳು.

ಅಲ್ಲಿಂದ ಶುರುವಾಯಿತು. ಅವನ ಗಡ್ಡ ಬೈದಳು, ಅವನ ಒಂಟೆಗಳನ್ನು ಬೈದಳು, ಅವನ ಅಜ್ಜನನ್ನು ಬೈದಳು. ಬೈಯುತ್ತಾ ಬೈಯುತ್ತಾ ಅತ್ತಳು. ಮಗ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಮುಕ್ಬಿಲ್ ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ. ತಲೆ ಬಗ್ಗಿಸಿ ಪೂರ್ತಿ ಕೇಳಿಸಿಕೊಂಡ. ಎರಡು ಕಡೆಯ ಮುದುಕಿಯರೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೊನೆಗೆ ಅವಳು ಬಾನಿಯನ್ನು ಕೆಳಗಿಟ್ಟಳು. ತನ್ನವರಲ್ಲಿ ಒಬ್ಬನ ಹೆಗಲಿನಿಂದ ಸರ್ಕಾರದ ಹಗ್ಗವನ್ನು ಎಳೆದುಕೊಂಡು ಚೂರು ಚೂರು ಮಾಡಿ ಹಾಕಿದಳು. ಫುರೈಜನನ್ನು ತೋರಿಸಿ ತನ್ನವರಿಗೆ ಹೇಳಿದಳು: "ಇವನ ರಕ್ತ ನನಗೆ ಬೇಡ. ಇನ್ನು ಮೇಲೆ ನಮ್ಮ ನೀರು ಎಳೆಯುವವನು ಇವನೇ. ದಿನಾ ಇವನ ದನಿ ನನಗೆ ಕೇಳಬೇಕು, ನನ್ನ ದನಿ ಇವನಿಗೆ ಕೇಳಬೇಕು."

ಸತ್ತವನ ಚಿಕ್ಕಪ್ಪನೊಬ್ಬ ಒಪ್ಪಲಿಲ್ಲ. ಕೋವಿಯನ್ನು ನೆಲಕ್ಕೆ ಬಡಿದು ಹೋದ, ಕೊನೆಯವರೆಗೂ ಆ ಬಾವಿಗೆ ಬರಲಿಲ್ಲ. ಉಳಿದವರು ನಿಂತರು. ಫುರೈಜ್ ಎದ್ದು ಹಗ್ಗಕ್ಕೆ ಬಾನಿ ಕಟ್ಟಿದ. ಗಂಟು ಸರಿಯಾಗಿ ಬೀಳಲಿಲ್ಲ. ಅದಕ್ಕೂ ಅವಳು ಬೈದಳು.

ಗದ್ದಲ ಕೋಟೆಯವರೆಗೂ ಕೇಳಿತಂತೆ. ಅಧಿಕಾರಿ ಸಿಪಾಯಿಗಳನ್ನು ಕಟ್ಟಿಕೊಂಡು ಕುದುರೆ ಓಡಿಸುತ್ತಾ ಬಂದ. ಏನಾಯಿತು, ಯಾರು ಸತ್ತರು ಎಂದು ಕೇಳಿದ. ಯಾರೂ ಇಲ್ಲ ಸಾಹೇಬರೇ, ನೀರು ಸೇದುತ್ತಿದ್ದೇವೆ ಎಂದ ಮುಕ್ಬಿಲ್. ಅಧಿಕಾರಿಗೆ ಅರ್ಥವಾಯಿತೋ ಇಲ್ಲವೋ, ಬಡಗಿ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕತೆ ಮುಗಿಸಿ ಗುರುಗಳು ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು.

ಚನ್ನವೀರ, "ಹಾಗಾದರೆ ಗೋಡೆ ಬೇಡವೆನ್ನುತ್ತೀರಾ?" ಎಂದ.

"ಕಟ್ಟಿಸು, ನಾನ್ಯಾಕೆ ಬೇಡವೆನ್ನಲಿ? ಆದರೆ ಒಬ್ಬ ಅಣ್ಣನ ಮಗ ಆಚೆ ನಿಂತು ‘ನಾನು’ ಎಂದರೆ, ಇನ್ನೊಬ್ಬ ಅಣ್ಣನ ಮಗನಿಗೆ ಅದು ಯಾರೆಂದು ತಿಳಿಯುವಷ್ಟು ತೆಳ್ಳಗೆ ಕಟ್ಟಿಸು."

ಚನ್ನವೀರ ಮೊರದ ಆ ತುದಿಗೆ ಕೂತು ತಾನೂ ಕಲ್ಲು ಆರಿಸತೊಡಗಿದ.