ಗುಡ್ಡ ಇಳಿದು ಬಂದ ಬಾಗಿಲು

ನೀಲಗಿರಿಯ ಗುಡ್ಡವೊಂದರ ತುದಿಯಲ್ಲಿ ಒಂದು ಅತಿಥಿಗೃಹ. ಅದನ್ನು ನೋಡಿಕೊಳ್ಳುತ್ತಿದ್ದವಳು ಮಾದಿ. ಚಳಿಗಾಲದ ಒಂದು ಸಂಜೆ ದೊಡ್ಡ ಅಧಿಕಾರಿ ಪದ್ಮರಾಜಯ್ಯನವರು ಅಲ್ಲಿಗೆ ಬಂದರು. ಮೇಲಕ್ಕೆ ಹೋಗುವ ದಾರಿ ಬಲು ಕಡಿದಾದದ್ದು, ಮೇಲಾಗಿ ಪಾದ ಮುಳುಗುವಷ್ಟು ಕೆಸರು. ಕಾರು ನಾಲ್ಕು ಮಾರು ಹತ್ತಿ, ಜಾರಿ, ಮತ್ತೆ ಬುಡಕ್ಕೇ ಬಂತು.

ಮಾದಿ ಇಳಿದು ಬಂದಳು. "ನಡೆದು ಬನ್ನಿ ಸಾಹೇಬರೇ, ಕೈ ಹಿಡ್ಕೋತೀನಿ."

"ನಡೆಯೋದಾ? ನಾನು ಇಳಿಯೋದು ಬಾಗಿಲ ಮುಂದೇನೇ! ಏನು ಮಾಡ್ತೀಯೋ ಮಾಡು. ಆಗದಿದ್ರೆ ನಾಳೆಯಿಂದ ನಿನಗೆ ಕೆಲಸ ಇಲ್ಲ."

ಮಾದಿ ಮೇಲೆ ಹೋದಳು. ಸ್ವಲ್ಪ ಹೊತ್ತಿಗೆ ಮುಂಬಾಗಿಲನ್ನೇ ಬಿಜಾಗರಿಯಿಂದ ಕಳಚಿ, ಕೆಸರಲ್ಲಿ ಜಾರಿಸಿಕೊಂಡು ತಂದು, ಕಾರಿನ ಪಕ್ಕ ನಿಲ್ಲಿಸಿದಳು.

"ಇಳೀರಿ ಸಾಹೇಬರೇ. ಬಾಗಿಲು ಬಂತು."

ಡ್ರೈವರ್ ನಗು ತಡೆಯಲಾರದೆ ಸ್ಟೀರಿಂಗಿಗೆ ಹಣೆ ಹಚ್ಚಿದ. ಸಾಹೇಬರು ಕೆಂಡವಾದರು. "ತಲೆ ಕೆಟ್ಟಿದೆಯಾ? ಈ ಚಳೀಲಿ ಬಾಗಿಲಿಲ್ಲದ ಮನೇಲಿ ಮಲಗೋದು ಹೇಗೆ?"

"ಅದಕ್ಕೇ ಬೇಗ ಮೇಲೆ ಸೇರಿಸಬೇಕು. ಇಳಿಸೋಕೆ ನಾನೊಬ್ಬಳೇ ಸಾಕಾದೆ. ಹತ್ತಿಸೋಕೆ ಮೂವರೂ ಬೇಕು."

ಗಾಳಿ ಬೀಸಿತು. ಸಾಹೇಬರ ಹಲ್ಲು ಕಟಕಟ ಅಂದವು. ಅವರು ಬೂಟು ಬಿಚ್ಚಿದರು, ಪ್ಯಾಂಟು ಮಡಿಚಿದರು, ಬಾಗಿಲಿನ ಒಂದು ತುದಿಗೆ ಹೆಗಲು ಕೊಟ್ಟರು.

"ಮೆಲ್ಲಗೆ ಕಣಮ್ಮಾ, ಜಾರುತ್ತೆ!" ಎನ್ನುತ್ತಾ ಕೆಸರು ತುಳಿದು ಗುಡ್ಡ ಹತ್ತಿದರು.