ಖೋ ಸಿಗದವಳು

“ನಾನು ಒಂದು ಮಾತನ್ನು ಪೂರ್ತಿ ಆಡಿ ಮುಗಿಸಿದ ದಿನವೇ ಇಲ್ಲ ಗುರುಗಳೇ,” ಎಂದಳು ಹಾಲಮ್ಮ. “ಬಾಯಿ ತೆರೆದರೆ ಸಾಕು, ಯಾರಾದರೂ ಬಂದು ನಿಲ್ಲುತ್ತಾರೆ. ಮೊದಲು ಹಾಲಿನವನು ಬಂದ. ಅವನು ಹೋದ ಎನ್ನುವಷ್ಟರಲ್ಲಿ ನಿಮ್ಮ ಆಶ್ರಮದ ಮೇಷ್ಟ್ರು ಬಂದು ಸಕ್ಕರೆ ಕಾಯಿಲೆಯ ಪುರಾಣ ಹೇಳಿ ಹೋದರು. ಈಗ ನೋಡಿ, ಮತ್ತೆ. ಇವಳು.”

ಇವಳು ಎಂದರೆ ಹಾಲಮ್ಮನ ಮಗಳು. ಮೂರು ವರ್ಷದ ಹುಡುಗಿ. ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಆಶ್ರಮದ ಬಾಗಿಲಲ್ಲಿ ನಿಂತಿದ್ದಳು. ಇನ್ನೊಂದು ಎಲ್ಲಿ ಹೋಯಿತೆಂದು ಅವಳಿಗೂ ಗೊತ್ತಿರಲಿಲ್ಲ.

ಗುರುಗಳು ನಕ್ಕರು. “ಈಗ ಬಂದವರು ನಿನ್ನ ಕಡೆಯವರು. ಅವರನ್ನೂ ನನ್ನ ತಲೆಗೆ ಕಟ್ಟಬೇಡ.”

ಮಗುವಿನ ಹಿಂದೆಯೇ, ಹಾಲಮ್ಮನ ಜೊತೆ ಊರಿನಿಂದ ಬಂದಿದ್ದ ರುದ್ರಕ್ಕ ಬಂದಳು. “ಬಾರೇ ತಾಯಿ, ಚಪ್ಪಲಿ ಹುಡುಕೋಣ. ನಿಮ್ಮಮ್ಮ ಮಾತಾಡಲಿ. ಅವಳಿಗೆ ಚೆನ್ನಾಗಿ ಬರುವ ಕೆಲಸ ಅದೊಂದೇ,” ಎಂದು ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ಮೆಟ್ಟಿಲಿಳಿಯುವಾಗ ಒಂದು ಕಾಲನ್ನು ಮೊದಲು ಇಳಿಸಿದಳು. ಇನ್ನೊಂದನ್ನು ತಂದು ಅದರ ಪಕ್ಕಕ್ಕೆ ಇಟ್ಟಳು. ಆಮೇಲೆ ಮುಂದಿನ ಮೆಟ್ಟಿಲಿಗೆ ಹೋದಳು.

ಹಾಲಮ್ಮ ಅದನ್ನು ನೋಡಿದಳು. ನೋಡದವಳಂತೆ ಗುರುಗಳ ಕಡೆ ತಿರುಗಿದಳು. ಇನ್ನೊಬ್ಬರು ಬರುವ ಮೊದಲೇ ಕೇಳಿಬಿಟ್ಟಳು.

“ಹದಿನೈದು ಮಂದಿ ಸೇರಿ ಗೆದ್ದಿದ್ದೇವೆ. ಮುಂದಕ್ಕೆ ಹನ್ನೆರಡು ಮಂದಿ ಮಾತ್ರ ಹೋಗಬೇಕು. ವರ್ಷವಿಡೀ ಆಡಿದವರನ್ನು ಆರಿಸಬೇಕೋ, ಇವತ್ತು ಓಡಬಲ್ಲವರನ್ನು ಆರಿಸಬೇಕೋ? ನೀವು ಹೇಳಿ.”

ಕೇಳಿದ್ದು ಖೋ ಖೋ ಆಟದ ವಿಷಯ. ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಸೇರಿ ಕಟ್ಟಿದ ತಂಡಕ್ಕೆ ಹಾಲಮ್ಮ ತರಬೇತಿ ಕೊಡುತ್ತಿದ್ದಳು. ಜಿಲ್ಲೆಯ ಲೀಗ್ ಪಂದ್ಯಗಳಲ್ಲಿ ಆ ತಂಡ ಗೆದ್ದು, ಕೊನೆಯ ಸುತ್ತಿಗೆ ಹೋಗುವ ನಾಲ್ಕು ತಂಡಗಳಲ್ಲಿ ಒಂದಾಗಿತ್ತು. ಆ ಸುತ್ತಿಗೆ ಹನ್ನೆರಡು ಮಂದಿಯೇ ಹೋಗಬೇಕೆಂಬುದು ನಿಯಮ. ಮೂವರು ಉಳಿಯಬೇಕು. ಇಬ್ಬರ ವಿಷಯದಲ್ಲಿ ಹಾಲಮ್ಮನಿಗೆ ಗೊಂದಲವಿರಲಿಲ್ಲ. ಅವರು ಹೊಸಬರು, ಅವರಿಗೂ ಅದು ಗೊತ್ತಿತ್ತು. ಮೂರನೆಯವಳು ರುದ್ರಕ್ಕ.

ತಂಡ ಕಟ್ಟಿದವಳೇ ರುದ್ರಕ್ಕ. ಹಾಲಮ್ಮನಿಗೆ ಆಟ ಕಲಿಸಿದವಳೂ ಅವಳೇ. ಹೆರಿಗೆಯಾದ ಮೇಲೆ ಹಾಲಮ್ಮ ಓಡಲು ಆಗದೆ ಮೂಲೆ ಹಿಡಿದು ಕೂತಾಗ, ರುದ್ರಕ್ಕ ತನ್ನ ಕೊರಳಿನ ಸೀಟಿ ತೆಗೆದು ಅವಳ ಕೊರಳಿಗೆ ಹಾಕಿ, “ಆಡಲು ಆಗದಿದ್ದರೆ ಆಡಿಸು, ಸುಮ್ಮನೆ ಗೊಣಗಬೇಡ,” ಎಂದಿದ್ದಳು. ಈಗ ರುದ್ರಕ್ಕನ ಮಂಡಿ ಊದಿತ್ತು. ಕೊನೆಯ ಎರಡು ಪಂದ್ಯಗಳಲ್ಲಿ ಅವಳ ಕಾರಣಕ್ಕೆ ಅಂಕ ಹೋಗಿದ್ದವು.

ಹಾಲಮ್ಮ ಗುರುಗಳ ಮುಂದೆ ಈ ಯಾವ ಮಾತನ್ನೂ ಎತ್ತಲಿಲ್ಲ. ಓಡಬಲ್ಲವರನ್ನು ಕಳಿಸು ಎಂದು ಗುರುಗಳ ಬಾಯಿಂದ ಬಂದರೆ ಅವಳಿಗೆ ಸಾಕಾಗಿತ್ತು. ರುದ್ರಕ್ಕ ಕೇಳಿದರೆ, “ನಾನೇನು ಮಾಡಲಿ ಅಕ್ಕ, ಗುರುಗಳ ಮಾತು,” ಎನ್ನಬಹುದಿತ್ತು.

ಗುರುಗಳು ಕತೆ ಶುರು ಮಾಡಿದರು.

“ಒಂದು ಊರಿನಲ್ಲಿ ಒಬ್ಬ ತರಬೇತುದಾರ ಇದ್ದ. ಅವನದೂ ಹೆಣ್ಣುಮಕ್ಕಳ ಖೋ ಖೋ ತಂಡ. ಆ ಊರಲ್ಲಿ ದೊಡ್ಡ ಪಂದ್ಯಕ್ಕೆ ತಂಡ ಆರಿಸಲು ಒಂದು ಪದ್ಧತಿ ಇತ್ತು. ಯಾರ ಹೆಸರನ್ನೂ ಕೂಗುತ್ತಿರಲಿಲ್ಲ. ಆಟಗಾರ್ತಿಯರೆಲ್ಲ ಅಂಗಳದಲ್ಲಿ ಸಾಲಾಗಿ ಕೂರುತ್ತಿದ್ದರು. ಆಟದಲ್ಲಿ ಒಬ್ಬಳು ಆಚೆ, ಒಬ್ಬಳು ಈಚೆ ಮುಖ ಮಾಡಿ ಕೂರುತ್ತಾರೆ. ಆ ದಿನ ಮಾತ್ರ ಎಲ್ಲರೂ ಒಂದೇ ಕಡೆ ಮುಖ ಮಾಡಬೇಕು. ತರಬೇತುದಾರ ಅವರ ಬೆನ್ನ ಹಿಂದೆ ನಡೆಯುತ್ತಾನೆ. ಬೇಕಾದವಳ ಬೆನ್ನು ಮುಟ್ಟಿ ಖೋ ಎನ್ನುತ್ತಾನೆ. ಅವಳು ಎದ್ದು ಓಡಿ ಹೋಗಿ ಕಂಬ ಮುಟ್ಟುತ್ತಾಳೆ. ತಂಡ ತುಂಬುವ ತನಕ ಅವನು ಹಿಂದೆ ಮುಂದೆ ಓಡಾಡಬಹುದು. ಹಾಗಾಗಿ ಒಮ್ಮೆ ಹಾದು ಹೋದ ಎಂದರೆ ಬಿಟ್ಟ ಎಂದು ತಿಳಿಯಬೇಕಿಲ್ಲ. ಕೊನೆಗೆ ಕೂತೇ ಉಳಿದವರು ಉಳಿದರು, ಅಷ್ಟೇ.”

“ಒಳ್ಳೆಯ ಪದ್ಧತಿ,” ಎಂದಳು ಹಾಲಮ್ಮ. “ಯಾರ ಮುಖವನ್ನೂ ನೋಡುವ ಹಾಗಿಲ್ಲ. ನಮ್ಮಲ್ಲೂ ಇದ್ದಿದ್ದರೆ ಚೆನ್ನಾಗಿತ್ತು.”

“ಈಗ ಅಡ್ಡ ಬಂದವರು ಯಾರು?” ಎಂದರು ಗುರುಗಳು.

ಹಾಲಮ್ಮ ಬಾಯಿ ಮುಚ್ಚಿದಳು.

“ಆ ತಂಡದಲ್ಲಿ ಒಬ್ಬ ಹಿರಿಯ ಆಟಗಾರ್ತಿ ಇದ್ದಳು. ತಂಡ ಆ ವರ್ಷ ದೊಡ್ಡ ಪಂದ್ಯದವರೆಗೆ ಬಂದದ್ದು ಅವಳಿಂದ. ಆದರೆ ವರ್ಷದ ಕೊನೆಗೆ ಅವಳ ಕಾಲು ಸೋತಿತ್ತು. ಅವಳ ಜಾಗಕ್ಕೆ ಒಬ್ಬ ಕಿರಿಯಳು ಸಿದ್ಧಳಾಗಿದ್ದಳು. ತರಬೇತುದಾರ ಕಿರಿಯಳನ್ನೇ ಒಯ್ಯುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿದ. ಹಿರಿಯಳಿಗೆ ಮೊದಲೇ ಹೇಳಬೇಕು ಎಂದುಕೊಂಡು ಅವಳ ಮನೆಗೆ ಹೋದ. ಹೋಗಿ ಮಳೆಯ ಸುದ್ದಿ ಮಾತಾಡಿ ಬಂದ. ಮತ್ತೊಂದು ದಿನ ಹೋದ. ಅಂಗಳಕ್ಕೆ ಮಣ್ಣು ಹಾಕಿಸುವ ಸುದ್ದಿ ಮಾತಾಡಿ ಬಂದ. ಹೊರಡುವಾಗ ಅವಳೇ ಕೇಳಿದಳು, ‘ಏನಪ್ಪಾ, ನನಗೆ ಹೇಳುವುದು ಏನಾದರೂ ಇದೆಯೇ?’ ಅವನು, ‘ಏನೂ ಇಲ್ಲಕ್ಕ, ಮಂಡಿಗೆ ಎಣ್ಣೆ ಹಚ್ಚಿಕೋ,’ ಎಂದ.

“ಅವನು ಕರುಣೆಯಿಂದಲೇ ಹೇಳಿದ. ಅವಳು ಅದನ್ನು ಬೇರೆ ರೀತಿ ತೆಗೆದುಕೊಂಡಳು. ಬಿಡುವವಳಾಗಿದ್ದರೆ ಎಣ್ಣೆ ಹಚ್ಚಿಕೋ ಎಂದು ಯಾಕೆ ಹೇಳುತ್ತಾನೆ? ಹಚ್ಚಿದಳು, ತಿಕ್ಕಿದಳು, ಬಟ್ಟೆ ಸುತ್ತಿ ಕಟ್ಟಿದಳು. ಆರಿಸುವ ದಿನ ಎಲ್ಲರಿಗಿಂತ ಮೊದಲು ಬಂದು ಸಾಲಿನಲ್ಲಿ ಕೂತಳು.

“ತರಬೇತುದಾರ ಬೆನ್ನ ಹಿಂದೆ ನಡೆದ. ಒಬ್ಬೊಬ್ಬರನ್ನೇ ಮುಟ್ಟಿದ. ಹಿರಿಯಳ ಹಿಂದೆ ಬಂದಾಗ ಅವನ ಹೆಜ್ಜೆ ನಿಧಾನವಾಯಿತು. ಅವಳು ಕೈಯನ್ನು ನೆಲಕ್ಕೆ ಊರಿ ಏಳಲು ಸಿದ್ಧಳಾದಳು. ಹೆಜ್ಜೆ ಮುಂದೆ ಹೋಯಿತು. ಇರಲಿ, ತಿರುಗಿ ಬರುತ್ತಾನೆ ಎಂದುಕೊಂಡಳು. ಅವನು ತಿರುಗಿಯೂ ಬಂದ. ಹಾದೂ ಹೋದ. ಕಿರಿಯಳಿಗೆ ಖೋ ಕೊಟ್ಟ. ತಂಡ ತುಂಬಿತು.

“ಹಿರಿಯಳ ಜೊತೆ ಕೂತೇ ಉಳಿದಿದ್ದ ಇನ್ನಿಬ್ಬರು ಎದ್ದರು. ಒಬ್ಬಳು ಅತ್ತಳು, ಒಬ್ಬಳು ಬೈದಳು. ಬೈದು ಅತ್ತು ಇಬ್ಬರೂ ಮನೆಗೆ ಹೋದರು. ಹಿರಿಯಳು ಏಳಲಿಲ್ಲ. ತರಬೇತುದಾರ ಕಂಬದ ಬಳಿ ನಿಂತು, ಈಗ ಏಳುತ್ತಾಳೆ, ಇನ್ನೇನು ಏಳುತ್ತಾಳೆ ಎಂದು ಅವಳ ಬೆನ್ನನ್ನೇ ನೋಡಿದ. ಕಿರಿಯಳು ಹತ್ತಿರ ಹೋಗಿ ಕೈ ಚಾಚಿದಳು. ಹಿರಿಯಳು, ‘ಅವನು ಇನ್ನೂ ಬರಬಹುದು ಮಗಾ. ಖೋ ಸಿಗದೆ ಎದ್ದರೆ ತಪ್ಪಾಗುತ್ತದೆ,’ ಎಂದಳು.

“ತರಬೇತುದಾರನಿಗೆ ಅದು ಕೇಳಿಸಿತು. ಅವನು ಹಿಂದಿನ ಗೇಟಿನಿಂದ ಮನೆಗೆ ಹೋದ.”

ಹಾಲಮ್ಮನ ಕೈ ಕೊರಳಿನ ಸೀಟಿಗೆ ಹೋಯಿತು. ಅದನ್ನು ಸೆರಗಿನ ಒಳಗೆ ಸೇರಿಸಿಕೊಂಡಳು. “ಹೇಡಿ,” ಎಂದಳು.

“ಅಲ್ಲ,” ಎಂದರು ಗುರುಗಳು. “ಮುಖ ನೋಡಿದರೆ ಮನಸ್ಸು ಕರಗೀತು, ಕರಗಿದರೆ ತಂಡ ಸೋತೀತು ಎಂದು ಹೆದರಿದ. ಅವನೂ ಆ ದಿನ ಊಟ ಮಾಡಲಿಲ್ಲ. ಮುಂದೆ ಕೇಳು.

“ತಂಡ ಹೋಯಿತು. ಗೆದ್ದಿತು.”

“ಗೆದ್ದಿತೇ?”

“ಗೆದ್ದಿತು. ಕಿರಿಯಳೇ ಗೆಲ್ಲಿಸಿದಳು. ಹಿರಿಯಳು ಊರ ಬಾಗಿಲಿಗೆ ಬಂದು ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಕಿರಿಯಳನ್ನು ತಬ್ಬಿಕೊಂಡಳು. ತರಬೇತುದಾರನಿಗೂ ಸಕ್ಕರೆ ಕೊಟ್ಟಳು. ಅವಳ ಮನಸ್ಸಿನಲ್ಲಿ ಸಿಟ್ಟು ಇಲ್ಲವೆಂದು ಅವನಿಗೆ ಸಮಾಧಾನವಾಯಿತು. ಕೆಲವು ತಿಂಗಳಿಗೆ ಅವಳ ಮಂಡಿ ವಾಸಿಯಾಯಿತು. ಅವಳು ಮತ್ತೆ ಅಂಗಳಕ್ಕೆ ಬಂದು ಸಾಲಿನಲ್ಲಿ ಕೂತಳು. ಆಗ ಒಂದು ವಿಷಯ ಕಂಡಿತು. ಬೆನ್ನ ಹಿಂದೆ ಹೆಜ್ಜೆಯ ಸದ್ದು ಕೇಳಿದರೆ ಅವಳು ಕತ್ತು ತಿರುಗಿಸಿ ನೋಡುತ್ತಿದ್ದಳು.

“ಖೋ ಖೋ ಬೆನ್ನು ಕೊಟ್ಟು ಕೂರುವ ಆಟ. ಕಣ್ಣು ಓಡುವವಳ ಮೇಲಿರಬೇಕು. ಹಿಂದಿನಿಂದ ಬರುವವಳು ಬಂದೇ ಬರುತ್ತಾಳೆ, ಮುಟ್ಟಬೇಕಾದಾಗ ಮುಟ್ಟುತ್ತಾಳೆ ಎಂದು ಕೂರಬೇಕು. ತಿರುಗಿ ನೋಡುವವಳು ಎದ್ದು ಓಡುವುದು ತಡವಾಗುತ್ತದೆ. ಅವಳೂ ನೋಡಬಾರದು ಎಂದೇ ಕೂರುತ್ತಿದ್ದಳು. ಕತ್ತು ಕೇಳುತ್ತಿರಲಿಲ್ಲ. ಕೊನೆಗೆ ಆಟ ಬಿಟ್ಟಳು.

“ಅಲ್ಲಿಗೆ ಮುಗಿಯಲಿಲ್ಲ. ಆ ದಿನ ಕಂಬದ ಬಳಿ ನಿಂತು ನೋಡಿದವರೆಲ್ಲ ಇನ್ನೂ ತಂಡದಲ್ಲಿ ಇದ್ದರಲ್ಲ. ಮೊದಲು ಕಿರಿಯಳು ತಿರುಗಿ ನೋಡತೊಡಗಿದಳು. ಆಮೇಲೆ ಅವಳ ಪಕ್ಕದವಳು. ಅದರ ಮುಂದಿನ ವರ್ಷ ಆ ಸಾಲಿನಲ್ಲಿ ಮುಂದೆ ನೋಡಿ ಕೂರುವವರು ಒಬ್ಬರೂ ಉಳಿಯಲಿಲ್ಲ. ತರಬೇತುದಾರ ಮುಂದೆ ನೋಡಿ, ಮುಂದೆ ನೋಡಿ ಎಂದು ಕೂಗುತ್ತಿದ್ದ. ಅವರು ಅವನನ್ನೇ ತಿರುಗಿ ನೋಡುತ್ತಿದ್ದರು.”

ಗುರುಗಳು ಕತೆ ನಿಲ್ಲಿಸಿದರು.

ಮುಂದೆ ಏನೂ ಬರದಿದ್ದಾಗ ಹಾಲಮ್ಮನ ನಾಲಿಗೆ ಸುಮ್ಮನಿರಲಿಲ್ಲ. “ಹಾಗಾದರೆ ಹಿರಿಯಳನ್ನೇ ಕಳಿಸಬೇಕಿತ್ತು ಎನ್ನುತ್ತೀರಾ?”

“ಇಲ್ಲ. ಆಯ್ಕೆ ಸರಿಯಾಗಿಯೇ ಇತ್ತು. ಗೆದ್ದರು ಎಂದೆನಲ್ಲ.”

“ಆಯ್ಕೆ ಸರಿ, ಗೆಲುವೂ ಆಯಿತು. ಮತ್ತೆ ನಾನು ಇದರಿಂದ ಏನು ತೆಗೆದುಕೊಳ್ಳಲಿ? ನಾನು ಕೇಳಿದ್ದು ಯಾರನ್ನು ಬಿಡಬೇಕು ಎಂದು. ನೀವು ಒಂದು ಮಾತು ಹೇಳಿಬಿಟ್ಟರೆ ನಾನು ಹೋಗಿ...”

ಅಷ್ಟರಲ್ಲಿ ಮಗು ಮತ್ತೆ ಒಳಗೆ ಓಡಿ ಬಂತು. ಈಗ ಎರಡೂ ಕಾಲಿನಲ್ಲಿ ಚಪ್ಪಲಿ ಇತ್ತು. ಹಿಂದೆ ರುದ್ರಕ್ಕ, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸ್ವಲ್ಪ ಏದುಸಿರು ಬಿಡುತ್ತಿದ್ದಳು.

“ತಪ್ಪಾಯಿತು ಗುರುಗಳೇ, ಕೈ ತಪ್ಪಿಸಿಕೊಂಡು ಬಂದಳು. ಇವಳನ್ನೂ ತಂಡಕ್ಕೆ ಸೇರಿಸಿಕೊಳ್ಳೇ ಹಾಲಿ, ನಮ್ಮೆಲ್ಲರಿಗಿಂತ ಚೆನ್ನಾಗಿ ಓಡುತ್ತಾಳೆ.”

ಹಾಲಮ್ಮ ನಗಲು ನೋಡಿದಳು. ರುದ್ರಕ್ಕ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು.

“ಏನೇ, ನನಗೆ ಹೇಳುವುದು ಏನಾದರೂ ಇತ್ತಾ?”

“ಏನಿಲ್ಲಕ್ಕ,” ಎಂದಳು ಹಾಲಮ್ಮ. “ನೆರಳಲ್ಲಿ ಕೂತಿರು. ಕಾಲಿಗೆ...”

ಮಾತು ಅಲ್ಲಿಗೇ ನಿಂತಿತು. ಈ ಸಲ ಯಾರೂ ಅಡ್ಡ ಬಂದಿರಲಿಲ್ಲ.

“ಆಯಿತು, ನೀನು ಮುಗಿಸಿಕೊಂಡು ಬಾ,” ಎಂದು ರುದ್ರಕ್ಕ ಮಗುವಿನ ಕೈ ಹಿಡಿದು ತಿರುಗಿದಳು. ಒಂದು ಕಾಲು ಇಳಿಸಿದಳು, ಇನ್ನೊಂದನ್ನು ತಂದು ಪಕ್ಕಕ್ಕೆ ಇಟ್ಟಳು. ಮಗುವೂ ಅವಳನ್ನು ನೋಡಿ ಹಾಗೆಯೇ ಇಳಿಯಿತು. ಹಾಲಮ್ಮ ಆ ಎರಡು ಬೆನ್ನುಗಳನ್ನು ಅವರು ಕೆಳಗೆ ಇಳಿಯುವ ತನಕ ನೋಡಿದಳು.

ಗುರುಗಳು ಅವಳ ಕಡೆ ತಿರುಗಿ ಕೇಳಿದರು.

“ಇದನ್ನು ಕೇಳಲು ಊರು ದಾಟಿ ನನ್ನ ಎದುರಿಗೆ ಬಂದೆಯಲ್ಲ ಹಾಲಮ್ಮ, ಅವಳ ಎದುರಿಗೆ ಹೋಗಲು ಇನ್ನೆಷ್ಟು ದೂರ?”